ಎದ್ದು ನಿಂತ ಸಾಹೇಬ

ಮೂವತ್ತನಾಲ್ಕು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿ ದುಡಿದವಳು ನಾನು. ಸ್ಪಿರಿಟ್ಟು, ಫಿನಾಯಿಲು, ಅಯೋಡಿನ್ನು ಮೂಸಿ ಮೂಸಿ ನನ್ನ ಮೂಗು ಸತ್ತೇಹೋಗಿದೆ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಹೋದ ತಿಂಗಳು ಮೂಡಲಗಿಯಲ್ಲಿ ತಮ್ಮನ ಮೊಮ್ಮಗಳ ಸಾಲಿಯ ಗ್ಯಾದರಿಂಗ್ ಇತ್ತು, ಮಕ್ಕಳ ನಾಟಕವೂ ಇತ್ತು. ಹುಡುಗಿಗೆ ಬಣ್ಣ ಹಚ್ಚಿಸಬೇಕೆಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಗೋಕಾಕದಿಂದ ಬಂದಿದ್ದ ಬಣ್ಣದ ಮುದುಕನೊಬ್ಬ ನೆಲದ ಮೇಲೆ ಕೂತಿದ್ದ. ತಗಡಿನ ಪೆಟ್ಟಿಗೆ ತೆಗೆದು, ಬಿಳಿ ಪುಡಿಯನ್ನು ಅಂಗೈಗೆ ಸುರುವಿಕೊಂಡು, ಕೊಬ್ಬರಿ ಎಣ್ಣೆಯ ನಾಲ್ಕು ಹನಿ ಬಿಟ್ಟು, ಹೆಬ್ಬೆರಳಿನಿಂದ ತಿಕ್ಕತೊಡಗಿದ. ಅಷ್ಟೇ ನೋಡಿ. ಎಣ್ಣೆಗೆ ಪುಡಿ ಕಲೆತಾಗ ಬರುವ ಆ ಸಪ್ಪನೆಯ, ಸ್ವಲ್ಪ ಸುಣ್ಣದಂಥ ವಾಸನೆ ಮೂಗಿಗೆ ಬಡಿಯಿತು, ನಾನು ಗೋಡೆ ಹಿಡಿದು ನಿಂತೆ. “ಏನಾತ್ರಿ ಅಕ್ಕಾರ, ತಲಿ ತಿರುಗಾಕತ್ತೈತೇನ್ರಿ?” ಅಂತ ಮುದುಕ ಕೇಳಿದ. ಏನಿಲ್ಲಪ್ಪಾ ಅಂದೆ. ಅದು ಸುಳ್ಳು. ನಾನು ಆಗಲೇ ಐವತ್ತು ವರ್ಷ ಹಿಂದಕ್ಕೆ ಹೋಗಿ, ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು, ಯಲ್ಲಪ್ಪ ಕಾಕಾ ಇಂಗ್ಲಿಷರವನಾಗುವುದನ್ನು ನೋಡುತ್ತಿದ್ದೆ.

ಕೌಜಲಗಿಯಿಂದ ಮೂಡಲಗಿ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಹೆಸರು ಬೇಡ, ಆ ಊರಿನಲ್ಲಿ ಈಗಲೂ ನನ್ನವರಿದ್ದಾರೆ. ಊರು ಮುಗಿದು, ಹುಣಸೆ ಗಿಡ ದಾಟಿದ ಮೇಲೆ ನಮ್ಮ ಕೇರಿ. ಅಲ್ಲಿ ಮೊದಲನೆಯ ಮನೆ ನಮ್ಮದು. ಮಣ್ಣಿನ ಗೋಡೆ, ಒಂದೇ ಅಂಕಣ, ಮುಂದೆ ಜೋಳದ ದಂಟು ಹೊದಿಸಿದ ಚಪ್ಪರ. ಕಬ್ಬು ಕಡಿಯುವ ಕಾಲ ಬಂತೆಂದರೆ ಅಪ್ಪ ಅವ್ವ ಗ್ಯಾಂಗಿನ ಜೊತೆ ನಾಲ್ಕೈದು ತಿಂಗಳು ಊರು ಬಿಡುತ್ತಿದ್ದರು. ತಮ್ಮ ಇನ್ನೂ ಹಾಲು ಕುಡಿಯುವ ಕೂಸು, ಅವನನ್ನು ಸೊಂಟಕ್ಕೆ ಕಟ್ಟಿಕೊಂಡೇ ಹೋಗುತ್ತಿದ್ದರು. ನನಗೆ ಸಾಲಿ ತಪ್ಪಬಾರದೆಂದು ಆಯಿಯ, ಅಂದರೆ ಅಪ್ಪನ ಅವ್ವನ, ಹತ್ತಿರ ಬಿಡುತ್ತಿದ್ದರು. ಹೀಗಾಗಿ ನನ್ನ ನೆನಪಿನಲ್ಲಿ ಆ ಮನೆಯೆಂದರೆ ಮೂರೇ ಜನ: ರೊಟ್ಟಿ ಬಡಿಯುವ ಆಯಿ, ಅಪ್ಪನ ತಮ್ಮ ಯಲ್ಲಪ್ಪ ಕಾಕಾ, ಮತ್ತು ಪಾಟಿ ಹಿಡಿದ ನಾನು. ಬೆಳಗ್ಗೆ ಎದ್ದಾಗ ಮೊದಲು ಕೇಳುತ್ತಿದ್ದುದು ಆಯಿಯ ಕೈಬಳೆ ಮತ್ತು ರೊಟ್ಟಿಯ ಸಪ್ಪಳ. ಒಲೆಯ ಹೊಗೆ ಚಪ್ಪರದ ಸಂದಿಯಿಂದ ಹೊರಗೆ ಹೋಗಲಾರದೆ ನಮ್ಮ ಅರಿವೆಗೆಲ್ಲ ಅಂಟಿಕೊಳ್ಳುತ್ತಿತ್ತು. ಸಾಲಿಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡರೆ ನಾನು ಜಗಳಕ್ಕೇ ಬೀಳುತ್ತಿದ್ದೆ.

ಕಾಕಾ ಹುಟ್ಟಾ ಕೆಂಪು ಬಣ್ಣದವನು, ಬೆಕ್ಕಿನ ಕಣ್ಣಿನವನು. ನಮ್ಮ ಪೈಕಿ ಯಾರೂ ಹಾಗಿರಲಿಲ್ಲ. ಊರ ಜನ ಅದಕ್ಕೆ ಏನೇನೋ ಆಡಿಕೊಳ್ಳುತ್ತಿದ್ದರು. ಆಯಿಯ ಕಿವಿಗೆ ಬಿದ್ದರೆ, “ನಮ್ಮಪ್ಪನ ಕಣ್ಣ ಹಿಂಗ ಇದ್ದೂ, ನಿಮ್ಮಪ್ಪನ ಕಣ್ಣ ಹೆಂಗಿದ್ದೂ ಹೋಗಿ ಕೇಳ್ಕೋರಿ,” ಅಂತ ಗೊಣಗುತ್ತಿದ್ದಳು. ಗೊಣಗುವುದು ಮನೆಯೊಳಗೆ ಮಾತ್ರ. ಆ ಕಣ್ಣು, ಆ ಬಣ್ಣದ ದೆಸೆಯಿಂದಲೇ ಕಾಕಾ ನಾಟಕದವನಾದ. ಆಗ ನಮ್ಮ ಭಾಗದಲ್ಲಿ ಸುಗ್ಗಿ ಮುಗಿದ ಮೇಲೆ ಊರೂರಿಗೂ ನಾಟಕ. ಇಂಗ್ಲಿಷ್ ಸರ್ಕಾರದ ಮೇಲೆ ತಿರುಗಿ ಬಿದ್ದ ಒಬ್ಬ ನಾಯಕನ ಕಥೆಯನ್ನು ಎಲ್ಲರೂ ಆಡುತ್ತಿದ್ದರು. ನಾಟಕದ ಹೆಸರು ಊರಿಂದ ಊರಿಗೆ ಬದಲಾಗುತ್ತಿತ್ತು, ನಾಯಕನ ಹೆಸರು ಬದಲಾಗುತ್ತಿತ್ತು, ಸಾಹೇಬ ಮಾತ್ರ ಅವನೇ. ಆ ಪಾತ್ರ ಯಾರಿಗೂ ಬೇಡವಾಗಿತ್ತು. ಒಂದು ಹಾಡಿಲ್ಲ, ಬೈಗುಳ ತಿನ್ನಬೇಕು, ಕಡೆಗೆ ಸಾಯಬೇಕು. ಗೋಕಾಕದಲ್ಲಿ ನಾಟಕ ಕಲಿಸುವ ಮಾಸ್ತರರೊಬ್ಬರಿದ್ದರು, ಹಾರ್ಮೋನಿಯಂ ಅವರ ತೊಡೆಯ ಮೇಲೇ ಹುಟ್ಟಿತ್ತೇನೋ ಅನ್ನಬೇಕು. ಅವರು ಸಂತೆಯಲ್ಲಿ ಕಾಕಾನನ್ನು ನೋಡಿ, ಇವನೇ ನನ್ನ ಸಾಹೇಬ ಅಂತ ಕೈ ಹಿಡಿದು ಎಳೆದುಕೊಂಡು ಹೋದರಂತೆ. ಅಲ್ಲಿಂದ ಮುಂದೆ ಗೋಕಾಕ, ಹುಕ್ಕೇರಿ, ಹತ್ತರಗಿ, ಎಲ್ಲಿ ಸಾಹೇಬ ಬೇಕಾದರೂ ಯಲ್ಲಪ್ಪನಿಗೇ ಕರೆ. ಅವನ ಕೋಟು, ಹ್ಯಾಟು, ಮೊಣಕಾಲಿನವರೆಗಿನ ಬೂಟು ಒಂದು ಟ್ರಂಕಿನಲ್ಲಿ ಇರುತ್ತಿದ್ದವು. ಆ ಟ್ರಂಕನ್ನು ಮುಟ್ಟಲು ನನಗೊಬ್ಬಳಿಗೇ ಪರವಾನಗಿ.

ಕಾಕಾನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಹಿ ಕೂಡ ತಡವರಿಸಿ ಮಾಡುತ್ತಿದ್ದ. ಸಾಲಿಯಲ್ಲಿ ಐದನೆಯತ್ತೆಗೆ ನನಗೆ ಎಬಿಸಿಡಿ ಶುರುವಾಗಿ, ಮುಂದಿನ ವರ್ಷ ಕೂಡಿಸಿ ಓದುವುದು ಬಂದದ್ದೇ ತಡ, ನಾನೇ ಅವನ ಇಂಗ್ಲಿಷ್ ಮಾಸ್ತರಳಾದೆ. ಗೊಬ್ಬರದ ಚೀಲ, ಕೀಟನಾಶಕದ ಡಬ್ಬಿ, ಆಯಿಯ ಕೆಮ್ಮಿನ ಔಷಧದ ಬಾಟಲಿ, ಇವೇ ನಮ್ಮ ಪುಸ್ತಕ. ನಾನು ಬೆರಳಿಟ್ಟು ಓದಬೇಕು, ಕಾಕಾ ಬಾಯಿಪಾಠ ಮಾಡಬೇಕು. ನಾಯಕನ ಕೊರಳಪಟ್ಟಿ ಹಿಡಿದು ಅಲ್ಲಾಡಿಸುವಾಗ “ಶೇಕ್ ವೆಲ್ ಬಿಫೋರ್ ಯೂಸ್” ಅಂತ ಗುಡುಗುತ್ತಿದ್ದ. ಸಿಪಾಯಿಗಳಿಗೆ ಹುಕುಂ ಕೊಡುವಾಗ “ಸೂಪರ್ ಫಾಸ್ಫೇಟ್! ನಾಟ್ ಫಾರ್ ಸೇಲ್!” ಅನ್ನುತ್ತಿದ್ದ. ಜನ ನಡುಗುತ್ತಿದ್ದರು, ಖರೆ ಹೇಳುತ್ತೇನೆ. ಕನ್ನಡವನ್ನೂ ಹಾಗೇ ಮುರಿಯುತ್ತಿದ್ದ. ‘ತ’ಕ್ಕೆ ‘ಟ’, ‘ದ’ಕ್ಕೆ ‘ಡ’. “ನಿನ್ನ ಟಲಿ ಟೆಗಿಟೇನಿ” ಅಂದರೆ ನಾನು ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಅದೇ ಮಾತಿಗೆ ಹಳ್ಳಿಯ ಹೆಣ್ಣುಮಕ್ಕಳು ನೆಲಕ್ಕೆ ಲಟಿಕೆ ಮುರಿದು ಶಾಪ ಹಾಕುತ್ತಿದ್ದರು. ಕಡೆಯ ಅಂಕದಲ್ಲಿ ನಾಯಕನ ಕತ್ತಿ ತಾಗಿ ಸಾಹೇಬ ಸತ್ತರೆ ಜನಕ್ಕೆ ಎಷ್ಟು ಖುಷಿಯೆಂದರೆ, “ವನ್ಸ್ ಮೋರ್” ಅಂತ ಕೂಗುತ್ತಿದ್ದರು. ನಮ್ಮ ಕಡೆ ವನ್ಸ್ ಮೋರ್ ಬಂತೆಂದರೆ ಇಲ್ಲ ಅನ್ನುವಂತಿಲ್ಲ, ಅದು ರಂಗದ ರಿವಾಜು. ಸತ್ತ ಸಾಹೇಬ ಎದ್ದು, ಪ್ಯಾಂಟಿನ ಧೂಳು ಜಾಡಿಸಿ, ಹ್ಯಾಟು ಹಾಕಿಕೊಂಡು ಮತ್ತೊಮ್ಮೆ ಸಾಯಬೇಕು. ಹತ್ತರಗಿಯಲ್ಲಿ ಒಂದು ಸಲ ನಾಲ್ಕು ಬಾರಿ ಸತ್ತು ಬಂದಿದ್ದ. ಮೈಕೈ ನೋವೆಂದು ಆಯಿಯಿಂದ ಬಿಸಿನೀರು ಹಾಕಿಸಿಕೊಳ್ಳುತ್ತಾ, “ನಾಕ ಸಲ ಸತ್ತವಂಗ ಎರಡ ರೊಟ್ಟಿ ಹೆಚ್ಚಿಗಿ ಕೊಡಬೇಕ ಬೇ,” ಅಂತ ಅವಳನ್ನು ಕಾಡುತ್ತಿದ್ದ.

ಇನ್ನು ಒಂದು ಅಕ್ಷರದ ಬಗ್ಗೆ ಹೇಳದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ನಮ್ಮ ಕಡೆಯ ಮಾತಿನ ಕೊನೆಗೆ ಒಂದು ‘ರಿ’ ಇರುತ್ತದಲ್ಲ, ಬರ್ರಿ, ಹೋಗ್ರಿ, ಏನ್ರಿ ಅನ್ನುವ ‘ರಿ’, ಅದು ಎಲ್ಲರಿಗೂ ಚಂದ ಕೇಳಿಸುತ್ತದೆ. ಬೆಂಗಳೂರಿನವರಂತೂ, ಎಷ್ಟು ಮರ್ಯಾದೆಯ ಜನ ನೀವು ಅನ್ನುತ್ತಾರೆ. ಆ ‘ರಿ’ ನಮ್ಮ ಕೇರಿಯಿಂದ ಊರಿನ ಕಡೆಗೆ ಹೋಗುತ್ತಿತ್ತೇ ಹೊರತು ಊರಿನಿಂದ ಕೇರಿಗೆ ಬರುತ್ತಿರಲಿಲ್ಲ. ಗೌಡರ ಮನೆಯ ಮೂಗು ಸೋರುವ ಕೂಸಿಗೂ ಆಯಿ “ಬರ್ರಿ ಸಣ್ಣ ಗೌಡ್ರ” ಅನ್ನಬೇಕು. ಆ ಕೂಸು ಆಯಿಗೆ “ಏ ಮುದಕಿ, ಸರಿ” ಅನ್ನುತ್ತಿತ್ತು. ಕಾಕಾನ ನಾಲಿಗೆಗೆ ಈ ‘ರಿ’ ಹುಟ್ಟಿದಾಗಿನಿಂದ ಅಂಟಿಕೊಂಡಿತ್ತು. ಎದುರು ಬಂದವರ ಮುಖ ನೋಡುವ ಮೊದಲೇ ಹೊರಗೆ ಬೀಳುತ್ತಿತ್ತು. ಒಮ್ಮೆ ದಾರಿಗೆ ಅಡ್ಡ ನಿಂತಿದ್ದ ಗೌಡರ ಎಮ್ಮೆಗೆ “ಸರೀರಿ” ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ರಂಗದ ಮೇಲೆ ಮಾತ್ರ ಇದೆಲ್ಲ ತಿರುವು ಮುರುವು. ಸಾಹೇಬ ಯಾರಿಗೂ ‘ರಿ’ ಅನ್ನುವಂತಿಲ್ಲ. ಎಲ್ಲರೂ ಅವನಿಗೆ ಅನ್ನಬೇಕು. ದೂರದ ಊರುಗಳಲ್ಲಿ ಬಣ್ಣ ತೊಳೆದ ಮೇಲೂ ಅದು ಹಾಗೇ ಉಳಿಯುತ್ತಿತ್ತು. “ಸಾಹೇಬ್ರ, ಚಾ ತಗೋರಿ,” ಅಂತ ಪಿಂಗಾಣಿಯ ಕಪ್ಪು-ಬಸಿಯಲ್ಲಿ ಚಹಾ ತಂದುಕೊಡುತ್ತಿದ್ದರಂತೆ. ಅವರು ಕುಲ ಕೇಳಲಿಲ್ಲ, ಕಾಕಾ ಹೇಳಲಿಲ್ಲ. ಹುಕ್ಕೇರಿಯಿಂದ ಬಂದ ದಿನ ಆಯಿಯ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಯಾರು ಯಾರು ಎಲ್ಲೆಲ್ಲಿ ಹೇಗೆ ‘ರಿ’ ಅಂದರು ಅಂತ ಒಂದೂ ಬಿಡದೆ ಹೇಳುತ್ತಿದ್ದ. ಆಯಿ ಕೇಳಿಸಿಕೊಂಡು, “ಇಲ್ಲಿ ಹೊರಗ ಹೋಗಿ ಯಾರ ಮುಂದೂ ಅನಬ್ಯಾಡ ಯಪ್ಪಾ,” ಅನ್ನುತ್ತಿದ್ದಳು. ನಮ್ಮೂರಿನಲ್ಲೂ ಎರಡು ವರ್ಷಕ್ಕೊಮ್ಮೆ ನಾಟಕ ಆಗುತ್ತಿತ್ತು. ಸಾಹೇಬನನ್ನು ಬೇರೆ ಊರಿನಿಂದ ಕರೆಸುತ್ತಿದ್ದರು.

ನಾನು ಆರನೆಯತ್ತೆಯಲ್ಲಿದ್ದ ವರ್ಷ ಆ ಸಾಹೇಬನಿಗೆ ವಿಷಮಜ್ವರ ಬಂತು. ನಾಟಕಕ್ಕೆ ಹದಿನೈದು ದಿನ ಉಳಿದಿತ್ತು. ಗೌಡರ ಮನೆಯ ಬಸನಗೌಡರೇ ನಾಯಕ. ನಲವತ್ತರ ಆಸುಪಾಸಿನ ಆಳು, ಒಳ್ಳೆ ಕಂಠ, ಕೆಟ್ಟ ಮನುಷ್ಯರೇನಲ್ಲ. ನಮ್ಮ ಕಡೆ ನೋಡುತ್ತಲೇ ಇರಲಿಲ್ಲ, ಅಷ್ಟೇ. ಗೋಕಾಕದ ಮಾಸ್ತರರು ಅವರಿಗೆ, “ಗೌಡ್ರ, ಈ ಭಾಗದಾಗ ಸಾಹೇಬಂದ್ರ ಒಬ್ಬನ. ಅಂವಾ ನಿಮ್ಮೂರಾಗ ಅದಾನ. ಅವನ್ನ ಬಿಟ್ಟು ನಾಟಕ ಆಡ್ತೇನಂದ್ರ ನನ್ನ ಕೈಲೆ ಆಗೂದಿಲ್ರಿ,” ಅಂತ ಹೇಳಿಬಿಟ್ಟರು. ಮರುದಿನ ಗೌಡರ ಆಳು ಬಂದು ಹುಣಸೆ ಗಿಡದ ಹತ್ತಿರವೇ ನಿಂತು, ತಾಲೀಮಿಗೆ ಬರಬೇಕಂತೆ ಎಂದು ಕೂಗಿ ಹೋದ. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕಾಕಾ ಅವತ್ತು ಊಟ ಮಾಡಲಿಲ್ಲ, ಖುಷಿಗೆ.

ನಾಟಕದ ಜೀವವೆಲ್ಲ ಕಚೇರಿಯ ದೃಶ್ಯದಲ್ಲಿತ್ತು. ನಾಯಕನನ್ನು ಸರಪಳಿ ಹಾಕಿ ತರುತ್ತಾರೆ. ಸಾಹೇಬ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾನೆ. ಕೂತಲ್ಲಿಂದಲೇ, “ಏ ನಾಯಕಾ, ಬಗ್ಗು. ಯಾರ ಮುಂಡ ನಿಂಟೀಡಿ ಗೊಟ್ಟೈಟೇನು?” ಅನ್ನಬೇಕು. ಇಷ್ಟೇ ಮಾತು. ನೂರು ಸಲ ಬೇರೆ ಊರುಗಳಲ್ಲಿ ಅಂದ ಮಾತು. ಗೌಡರ ಕಟ್ಟೆಯ ಮೇಲಿನ ತಾಲೀಮಿನಲ್ಲಿ ಅದು ಹೊರಗೆ ಬರಲೊಲ್ಲದು. ಕಾಕಾ ಕುರ್ಚಿಯ ಬಾಜೂಕೆ ಕೈಕಟ್ಟಿ ನಿಂತು, “ಏ ನಾಯಕಾ, ಬಗ್... ಇಲ್ಲಿ ಬಗ್ಗಂತೀನ್ರಿ,” ಅಂತ ಹೇಳುತ್ತಿದ್ದನಂತೆ. “ಕುಂತ ಹೇಳ್ಲಾ ಯಲ್ಲಪ್ಪ,” ಅಂತ ಮಾಸ್ತರರು ಬೈದರೆ, “ಬಣ್ಣ ಹಚ್ಚಿದ ಮ್ಯಾಲ ತಾನ ಬರ್ತೈತ್ರಿ ಮಾಸ್ತರ,” ಅನ್ನುವುದು. ಹದಿನೈದು ದಿನವೂ ಇದೇ. ಬಸನಗೌಡರು ಕಟ್ಟೆಯ ಇನ್ನೊಂದು ತುದಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಬೇರೆ ಕಡೆ ನೋಡುತ್ತಿದ್ದರು.

ಆದ್ದರಿಂದ ಮನೆಯಲ್ಲಿ ನಾನು ಗೌಡಳಾದೆ. ಸಾಲಿಯಿಂದ ಬಂದ ತಕ್ಷಣ ಆಯಿಯ ಎಮ್ಮೆಯ ಹಗ್ಗವನ್ನು ಕೈಗೆ ಸುತ್ತಿಕೊಂಡು, ಎದೆ ಉಬ್ಬಿಸಿ ನಿಲ್ಲಬೇಕು. ಕಾಕಾ ಟ್ರಂಕಿನ ಮೇಲೆ ಕೂಡಬೇಕು. ಮೊದಲ ದಿನ ನನಗೂ ಬಗ್ಗು ಅನ್ನಲಾರದೆ ಒದ್ದಾಡಿದ. ನಾನು ಮೀಸೆ ತಿರುವಿದಂತೆ ಮಾಡಿ, “ಏನಲೇ ಯಲ್ಲ್ಯಾ, ಎದ್ದ ನಿಲ್ಲಲೇ,” ಅಂತ ಗೌಡರ ದನಿಯಲ್ಲಿ ಅಂದರೆ ಅರ್ಧ ಎದ್ದೇಬಿಡುತ್ತಿದ್ದ. ಆಮೇಲೆ ಇಬ್ಬರೂ ನಗುತ್ತಿದ್ದೆವು. ನಾಲ್ಕು ದಿನಕ್ಕೆ ಸರಿಹೋಯಿತು. ಎಂಟು ದಿನಕ್ಕೆ ಎಂಥಾ ಸಾಹೇಬನಾದನೆಂದರೆ ಆಯಿ ಬಾಗಿಲು ಹಾಕಿಕೊಂಡು ಬಂದು, “ಮೆಲ್ಲಕ ಅನ್ನೋ ಯಪ್ಪಾ, ಯಾರರ ಕೇಳ್ಯಾರು,” ಅಂತ ಅಂಗಲಾಚುತ್ತಿದ್ದಳು. ನಾಟಕದ ಹಿಂದಿನ ದಿನ ಕಾಕಾ ನನ್ನ ಕೈಯ ಹಗ್ಗ ಬಿಚ್ಚುತ್ತಾ ಹೇಳಿದ: “ಶಾಂತೀ, ಹುಕ್ಕೇರ್ಯಾಗ ಅನ್ನೂದ ಬ್ಯಾರೆ. ನಮ್ಮೂರಾಗ ಒಂದ ಸಲ ಕುಂತು ಈ ಮಾತ ಅಂದ್ರ ಸಾಕವಾ. ಮುಂದ ನಾ ಬಣ್ಣ ಹಚ್ಚದಿದ್ರೂ ನಡೀತೈತಿ.” ನನಗೆ ಹನ್ನೊಂದು ವರ್ಷ. ಆ ಮಾತಿನ ತೂಕ ನನಗೆ ಎಷ್ಟು ತಿಳಿದಿತ್ತೋ ದೇವರೇ ಬಲ್ಲ. ಅವನಿಗಾಗಿ ಕೈ ಮುಗಿದದ್ದಂತೂ ನೆನಪಿದೆ.

ಹಳ್ಳಿಯ ನಾಟಕ ಅಂದರೆ ಬೆಳಕು ಹರಿಯುವ ತನಕ. ಕಚೇರಿಯ ದೃಶ್ಯ ಬರುವ ಹೊತ್ತಿಗೆ ಪೂರ್ವ ಕೆಂಪಾಗಿ, ಗ್ಯಾಸಿನ ಬತ್ತಿಗಳು ಸುಮ್ಮನೆ ಉರಿಯುತ್ತಿದ್ದವು. ಮಕ್ಕಳೆಲ್ಲ ಚಾದರ ಕೊಡವಿ ಎದ್ದು ಕೂತಿದ್ದರು. ನಮ್ಮ ಕೇರಿಯವರಿಗೆ ರಂಗದ ಎಡಗಡೆ ಒಂದು ಮೂಲೆ. ಆಯಿ ಮೊದಲ ಬಾರಿ ಮಗನ ನಾಟಕಕ್ಕೆ ಬಂದಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡೇ ಕೂತಿದ್ದಳು. ನಾನು ಎಲ್ಲರಿಗಿಂತ ಮುಂದೆ, ರಂಗದ ಹಲಗೆಗೆ ಗಲ್ಲ ತಾಗುವಷ್ಟು ಹತ್ತಿರ. ಪರದೆ ಸರಿಯಿತು. ಗೌಡರ ಮನೆಯದೇ ಕೈಯಿರುವ ಕುರ್ಚಿ, ಅದರ ಮೇಲೆ ನಮ್ಮ ಕಾಕಾ. ಬಿಳಿ ಮುಖ, ಕೆಂಪು ಮೀಸೆ, ಕಾಲ ಮೇಲೆ ಬೂಟುಗಾಲು. ಸರಪಳಿ ಎಳೆಯುತ್ತಾ ಬಸನಗೌಡರು ಬಂದರು, ನಡುವೆ ನಿಂತರು, ತಲೆ ಎತ್ತಿ ಕಾಕಾನ ಮುಖವನ್ನು ನೆಟ್ಟಗೆ ನೋಡಿದರು. ಅವರು ಅವನ ಮುಖ ನೋಡಿದ್ದು ಅದೇ ಮೊದಲಿರಬೇಕು. ಕಾಕಾನ ತುಟಿ ಅಲ್ಲಾಡಿತು. ನಾನು ಒಳಗೊಳಗೇ ಆ ಮಾತನ್ನು ಅವನ ಜೊತೆ ಅಂದುಕೊಳ್ಳುತ್ತಿದ್ದೆ: ಏ ನಾಯಕಾ, ಬಗ್ಗು. ಕಾಕಾ ಕುರ್ಚಿಯಿಂದ ಎದ್ದ. ಎದ್ದು, ಹ್ಯಾಟು ತೆಗೆದು ಎದೆಗೆ ಹಿಡಿದು, ಅಚ್ಚ ನಮ್ಮ ಕೇರಿಯ ದನಿಯಲ್ಲಿ, “ಬರ್ರಿ ಗೌಡ್ರ, ಕುಂದರ್ರಿ,” ಅಂದ.

ನಗು ಬಂತು. ಇಡೀ ಊರು ನಕ್ಕಿತು. ನಾನೂ ನಕ್ಕೆ. ಮುಚ್ಚಿಟ್ಟು ಏನಾಗಬೇಕು ಈಗ. ಅಷ್ಟು ದಿನ ಅವನನ್ನು ಕೂಡಿಸಿ ಹೇಳಿಕೊಟ್ಟಿದ್ದ ಮಾತು, ಅದು ಹೀಗೆ ತಲೆಕೆಳಗಾಗಿ ಬಿದ್ದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಕಾಕಾ ಹ್ಯಾಟು ಹಿಡಿದುಕೊಂಡು ಹಾಗೇ ನಿಂತಿದ್ದ. ಬಸನಗೌಡರು ನುರಿತ ನಟರು, ನಾಟಕ ಕೆಡಲು ಬಿಡಲಿಲ್ಲ. ಜನರ ಕಡೆ ತಿರುಗಿ, “ನೋಡ್ರೆಪಾ, ಕೈಯಾಗ ಬೇಡಿ ಇದ್ರೂ ಈ ನಾಯಕನ್ನ ನೋಡಿದ್ರ ಇಂಗ್ಲಿಷ್ ಸರ್ಕಾರ ಎದ್ದ ನಿಲ್ತೈತಿ,” ಅಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಯಾರೋ ವನ್ಸ್ ಮೋರ್ ಅಂದ. ಊರಿಗೆ ಊರೇ ಅಂದಿತು. ಮಾಸ್ತರರು ಹಾರ್ಮೋನಿಯಂ ಮೇಲಿಂದ ಕಾಕಾನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಕಾಕಾ ಮತ್ತೆ ಕೂತ, ಮತ್ತೆ ಎದ್ದ, ಮತ್ತೆ ಕುಂದರ್ರಿ ಅಂದ. ಮೂರು ಸಲ. ಮೂರನೆಯ ಸಲ ಅವನ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಮನೆಗೆ ಬಂದವನು ಬಣ್ಣ ತೊಳೆಯಲಿಲ್ಲ. ಬೂಟು ಬಿಚ್ಚಲಿಲ್ಲ. ಚಪ್ಪರದ ಕೆಳಗೆ ಗೋಡೆಗೆ ಒರಗಿ ಕೂತ, ಬಿಸಿಲು ಅವನ ಮೊಣಕಾಲಿಗೆ ಬಂತು, ಎದೆಗೆ ಬಂತು, ಮುಖಕ್ಕೂ ಬಂತು, ಕೂತೇ ಇದ್ದ. ಮಧ್ಯಾಹ್ನ ಆಯಿ ಎಣ್ಣೆ ಬಟ್ಟಲು ತಂದು, ಸೆರಗಿನಿಂದ ಅವನ ಹಣೆ, ಕೆನ್ನೆ, ಗದ್ದ ಒರೆಸಿದಳು. ಆಯಿಯ ಸೆರಗಿಗೆ ಆ ವಾಸನೆ ಎಷ್ಟೋ ದಿನ ಇತ್ತು. ನಾನು ಆ ಸೆರಗಿನಲ್ಲೇ ಮುಖ ಇಟ್ಟು ಮಲಗುತ್ತಿದ್ದೆ. ನಾನು ನಕ್ಕದ್ದನ್ನು ಅವಳೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಕೇಳಿದ್ದರೆ ಅತ್ತು ಮುಗಿಸುತ್ತಿದ್ದೆ. ಕೇಳಲಿಲ್ಲವಾದ್ದರಿಂದ ಅದು ನನ್ನ ಹತ್ತಿರವೇ ಉಳಿಯಿತು.

ಆಮೇಲೆ ಆದದ್ದು ಇನ್ನೂ ವಿಚಿತ್ರ. ಕರೆಗಳು ನಿಲ್ಲುತ್ತವೆ ಅಂದುಕೊಂಡಿದ್ದೆವು, ನಿಲ್ಲಲಿಲ್ಲ, ಇಮ್ಮಡಿಯಾದವು. ಎದ್ದು ನಿಂತ ಸಾಹೇಬನ ಸುದ್ದಿ ಗೋಕಾಕ ದಾಟಿ ಹುಕ್ಕೇರಿಯವರೆಗೂ ಹೋಗಿತ್ತು. “ಅದೊಂದು ಇರ್ಲಿ ಯಲ್ಲಪ್ಪ, ಜನಕ್ಕ ಅದ ಬೇಕು,” ಅಂತ ಮಾಸ್ತರರೇ ಹೇಳಿದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೋದಲ್ಲೆಲ್ಲ ಕಾಕಾ ಎದ್ದು ನಿಂತ. ಹೋದಲ್ಲೆಲ್ಲ ವನ್ಸ್ ಮೋರ್ ಬಂತು. ಈಗ ಅವನು ಯಾವ ಕೇರಿಯವನೆಂದು ಎಲ್ಲರಿಗೂ ಗೊತ್ತು. ಸಾಹೇಬ್ರ ಚಾ ತಗೋರಿ ಅನ್ನುತ್ತಿದ್ದವರು ಯಲ್ಲಪ್ಪ ಚಾ ಕುಡಿ ಅನ್ನತೊಡಗಿದರು. ಅದನ್ನು ಅವನು ನಮಗೆ ಹೇಳಲಿಲ್ಲ. ನಾಟಕದ ಊರಿಂದ ಬಂದು ಒಲೆಯ ಮುಂದೆ ಕೂತು ಬರೀ ರೊಟ್ಟಿ ತಿನ್ನುತ್ತಿದ್ದ. ನಾನು ಮುಂದಿನ ವರ್ಷ ಗೋಕಾಕದ ಹಾಸ್ಟೆಲಿಗೆ ಹೋದೆ. ಅಲ್ಲಿಂದ ನರ್ಸಿಂಗ್. ರಜೆಗೆ ಬಂದಾಗ ಒಂದೊಂದೇ ಕಮ್ಮಿಯಾಗುತ್ತಾ ಹೋಯಿತು ಆ ಮನೆಯಲ್ಲಿ. ಮೊದಲು ಎಮ್ಮೆ, ಆಮೇಲೆ ಚಪ್ಪರ, ಆಮೇಲೆ ಆಯಿ. ಅವಳು ಹೋದ ವರ್ಷ ಅಪ್ಪ ಕೇರಿಯವರ ಜೊತೆ ದೀಕ್ಷೆ ತೆಗೆದುಕೊಂಡು ಬುದ್ಧನ ಫೋಟೋ ತಂದು ಗೋಡೆಗೆ ಹಾಕಿದ. ಕಾಕಾ ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, “ನಾಕ ಊರಾಗ ನಾಕ ಸಲ ಸಾಯಾವಂಗ ಯಾರ ಹೆಣ್ಣ ಕೊಡ್ತಾರವಾ,” ಅಂತ ನಗೆ ತೇಲಿಸುತ್ತಿದ್ದ. ನನ್ನ ಮುಂದೆ ಮಾತ್ರ ಆ ನಾಟಕದ ಮಾತೆತ್ತುತ್ತಿರಲಿಲ್ಲ.

ನಮ್ಮೂರಿನ ಆ ನಾಟಕವಾಗಿ ಹದಿನೆಂಟು ವರ್ಷದ ಮೇಲೆ ನಾನು ಹುಕ್ಕೇರಿಯ ದವಾಖಾನೆಯಲ್ಲಿದ್ದಾಗ ಕಾಕಾ ಟ್ರಂಕು ಹೊತ್ತುಕೊಂಡು ನನ್ನ ಕ್ವಾರ್ಟರ್ಸಿಗೆ ಬಂದ. ಅಲ್ಲಿ ಒಂದು ತರುಣರ ಸಂಘದ ನಾಟಕ. ಆಗಲೇ ನಾಟಕಗಳು ಮೂರು ತಾಸಿಗೆ ಇಳಿದಿದ್ದವು, ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತಿದ್ದವು. ಕಾಕಾನಿಗೆ ಐವತ್ತು. ಕೂದಲು ಉದುರಿತ್ತು, ಬೆಕ್ಕಿನ ಕಣ್ಣು ಹಾಗೇ ಇದ್ದವು. ಬರ್ತೀಯೇನು ಅಂತ ಕೇಳಿದ. ಡ್ಯೂಟಿ ಬದಲಿಸಿಕೊಂಡು ಹೋದೆ. ಆ ಬೆಳಗಿನ ನಂತರ ಅವನ ನಾಟಕ ನೋಡಿರಲೇ ಇಲ್ಲ ನಾನು, ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ.

ಕಚೇರಿಯ ದೃಶ್ಯ ಬಂತು. ಸರಪಳಿ ಹಾಕಿಕೊಂಡು ಬಂದ ನಾಯಕ ಬ್ಯಾಂಕಿನ ಹುಡುಗ, ಒಳ್ಳೆ ಮೀಸೆ ಅಂಟಿಸಿಕೊಂಡಿದ್ದ. ಬಂದು ನಿಂತು ಕಾದ. ಜನ ಆಗಲೇ ನಗಲು ತಯಾರಾಗಿ ಮುಂದಕ್ಕೆ ಬಾಗಿದ್ದರು. ಕಾಕಾ ಏಳಲಿಲ್ಲ. ಪರದೆಯ ಹಿಂದಿನಿಂದ ಯಾರೋ “ಏಳಪಾ, ಏಳು” ಅಂತ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಹಿಂದಿನಿಂದ ಒಬ್ಬ “ಎದ್ದ ನಿಲ್ಲೋ ಯಲ್ಲಪ್ಪ” ಅಂತ ಕೂಗಿದ, ನಾಲ್ಕು ಜನ ಸೀಟಿ ಹೊಡೆದರು. ಕಾಕಾ ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದ. ಬಹಳ ಹೊತ್ತಾದ ಮೇಲೆ, ಟಕಾರ ಡಕಾರ ಏನೂ ಇಲ್ಲದೆ, ನಮ್ಮ ಮನೆಯ ಮಾತಿನಲ್ಲಿ, “ಯಾಕ ಏಳ್ಲಿ?” ಅಂದ. ಆ ಹುಡುಗನನ್ನು ಕೇಳಿದನೋ, ಕೂಗಿದವನನ್ನು ಕೇಳಿದನೋ, ಗೊತ್ತಾಗಲಿಲ್ಲ. ಸೀಟಿ ನಿಂತಿತು. ಆಮೇಲೆ, “ಏ ನಾಯಕಾ, ಬಗ್ಗು. ಯಾರ ಮುಂದ ನಿಂತೀದಿ ಗೊತ್ತೈತೇನು?” ಅಂತ ಪೂರಾ ಅಂದ, ಒಂದಕ್ಷರ ಬಿಡದೆ. ಯಾರೂ ನಗಲಿಲ್ಲ, ಯಾರೂ ಚಪ್ಪಾಳೆಯನ್ನೂ ಹೊಡೆಯಲಿಲ್ಲ. ನಾಟಕ ಮುಂದೆ ಹೋಯಿತು, ಸಾಹೇಬ ಸತ್ತ, ವನ್ಸ್ ಮೋರ್ ಬರಲಿಲ್ಲ. ಸಂಘದವರು ಬಣ್ಣದ ಕೋಣೆಯಲ್ಲಿ ಅವನ ಮೇಲೆ ಹರಿಹಾಯ್ದರು. ಇಡೀ ನಾಟಕ ಕೆಡಿಸಿದಿ, ಇನ್ನು ನಿನ್ನನ್ನು ಯಾರೂ ಕರೆಯುವುದಿಲ್ಲ ಅಂದರು. ಖರೆ, ಅದೇ ಅವನ ಕೊನೆಯ ನಾಟಕವಾಯಿತು.

ಕ್ವಾರ್ಟರ್ಸಿಗೆ ಬಂದು ಅನ್ನಕ್ಕಿಟ್ಟೆ. ಕಾಕಾ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ, ಹಗುರಾಗ ಏನೋ ಗುನುಗುತ್ತಿದ್ದ. “ನೋಡಿದ್ಯಾ ಶಾಂತೀ?” ಅಂದ. ನೋಡಿದೆ ಅಂದೆ. ನನಗೆ ಅಳು ಬರುತ್ತಿತ್ತು. ಹದಿನೆಂಟು ವರ್ಷ ನುಂಗಿಕೊಂಡದ್ದನ್ನು ಅವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು. ಬೆನ್ನು ತಿರುಗಿಸಿ, ಒಲೆಯ ಕಡೆ ಮುಖ ಮಾಡಿ ಹೇಳಿದೆ. “ಕಾಕಾ, ಅವತ್ತ ನಮ್ಮೂರಾಗ ಎಲ್ಲಾರ ಜೋಡಿ ನಾನೂ ನಕ್ಕಿದ್ನಿ.”

ಗುನುಗು ನಿಂತಿತು. “ಎಲ್ಲಾರ ಜೋಡಿ ಅಲ್ಲವಾ,” ಅಂದ ಕಾಕಾ. “ನೀ ಮೊದಲ ನಕ್ಕಿ. ರಂಗದ ಬುಡಕ್ಕ ಕುಂತಿದ್ದ್ಯಲ್ಲ, ನಿನ್ನ ನಗಿ ನನಗ ಮೊದಲ ಕೇಳಿಸ್ತು. ಊರ ಆಮ್ಯಾಲ ನಕ್ಕಿತು.”

ನಾನು ತಿರುಗಲಿಲ್ಲ. ಅನ್ನ ಉಕ್ಕಿ ಬಂದು ಒಲೆಗೆ ಸುರಿಯಿತು, ತೆಗೆಯಲು ಕೈ ಬರಲಿಲ್ಲ. ಅವನೇ ಎದ್ದು ಬಂದು ನನ್ನ ಸೆರಗನ್ನು ಒಲೆಯಿಂದ ಆಚೆ ಸರಿಸಿ ಪಾತ್ರೆ ಇಳಿಸಿದ. ಮತ್ತೆ ಇಷ್ಟು ವರ್ಷ ಒಂದು ಮಾತೂ ಯಾಕೆ ಅನ್ನಲಿಲ್ಲ ಅಂತ ಕೇಳಿದೆ. “ಏನಂತ ಅನ್ಲಿ? ನಿನಗ ನಗಿ ಬಂತು, ನಕ್ಕಿ. ನನಗ ಏಳಾಕ ಬಂತು, ಎದ್ದೆ. ಇಬ್ಬರೂ ಬೇಕಂತ ಮಾಡಲಿಲ್ಲವಾ,” ಅಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಚೊಲೋ ಇತ್ತು.

ಕಾಕಾ ಹೋಗಿ ಇಪ್ಪತ್ತು ವರ್ಷ ದಾಟಿತು. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ತಮ್ಮನ ಮಕ್ಕಳ ಸ್ಲ್ಯಾಬಿನ ಮನೆಯಿದೆ, ಹುಣಸೆ ಗಿಡವನ್ನು ರಸ್ತೆಗೆ ಕಡಿದರು. ಆ ಹುಡುಗರಿಗೆ ಊರಿನವರು ‘ರಿ’ ಅನ್ನುತ್ತಾರೆ, ಇವರೂ ಅನ್ನುತ್ತಾರೆ, ಯಾರೂ ಅದನ್ನು ಗಮನಿಸುವುದಿಲ್ಲ. ಅದು ನನಗೆ ಸಂತೋಷವೇ. ಕಾಕಾನ ವಿಷಯ ಕೇಳಿದರೆ, ಅವನು ಹುಕ್ಕೇರಿಯಲ್ಲಿ ಏಳದೆ ಕೂತದ್ದನ್ನೇ ಅವರಿಗೆ ಹೇಳುತ್ತೇನೆ, ಹುಡುಗರು ಕಣ್ಣರಳಿಸಿ ಕೇಳುತ್ತಾರೆ. ಮೊದಲು ನಕ್ಕವರು ಯಾರು ಅನ್ನುವುದನ್ನು ಇವತ್ತು ನಿಮಗೆ ಹೇಳಿದೆ. ಅವನಿಗಾದರೂ ಹದಿನೆಂಟು ವರ್ಷದ ಮೇಲೆ ಒಂದು ರಂಗ ಸಿಕ್ಕಿತು, ಒಂದು ಕುರ್ಚಿ ಸಿಕ್ಕಿತು, ಕೂತು ತನ್ನದನ್ನು ಸರಿಮಾಡಿಕೊಂಡು ಹೋದ. ನಾನು ನಕ್ಕ ನಗೆಯನ್ನು ಎಲ್ಲಿ ಹೋಗಿ ಹಿಂದಕ್ಕೆ ತಗೊಳ್ಳಲಿ?